ಒಂದೇ ಕೈಯ ಗಾಡಿ

ಸುನಂದಾಳ ಕಾರನ್ನು ಯಾರೂ ಕದ್ದಿರಲಿಲ್ಲ. ಕದ್ದಿದ್ದರೆ ಠಾಣೆಗೆ ಹೋಗಿ ಒಂದು ದೂರಾದರೂ ಬರೆದುಕೊಡಬಹುದಿತ್ತು. ಅವಳ ಗಂಡನೇ ಅದಕ್ಕೆ ಮರ್ಯಾದೆ ಮಾಡಿ, ಶಾಲು ಹೊದಿಸಿದಂತೆ ಮೇಲೊಂದು ಮುಸುಕು ಹೊದಿಸಿ, ಗೋದಾಮಿನಲ್ಲಿ ಕೂರಿಸಿಬಿಟ್ಟಿದ್ದ. ಇದಕ್ಕೆ ಯಾವ ಠಾಣೆಗೆ ಹೋಗಬೇಕು?

ಕುಂಕುಮ ಬಣ್ಣದ ಮಾರುತಿ ಎಂಟುನೂರು ಅದು, ೨೦೦೩ರದ್ದು. ಸುನಂದಾ ಪೋತ್ನಾಳದ ಸುತ್ತಲಿನ ಹಳ್ಳಿಗಳಿಗೆ ಆರೋಗ್ಯ ಸಹಾಯಕಿ. ಜನ ಕರೆಯುವುದು ಸಿಸ್ಟರ್ ಅಂತ. ಮನೆ ಮಾನ್ವಿಯಲ್ಲಿ. ಕಾರು ಕೊಂಡಾಗ ಗಂಡ ಬಸವಪ್ರಸಾದನ ಅಕ್ಕಿ ಗಿರಣಿ ಇನ್ನೂ ಕುಂಟುತ್ತಿತ್ತು. ಅವಳ ಸಂಬಳದಲ್ಲಿ, ಅವಳ ಹೆಸರಿನಲ್ಲಿ ಬಂದ ಗಾಡಿ. ಇಪ್ಪತ್ತು ವರ್ಷ ಅದರ ಹಿಂದಿನ ಸೀಟಿನಲ್ಲಿ ಲಸಿಕೆಯ ಐಸ್ ಡಬ್ಬಿ ಊರೂರು ತಿರುಗಿತ್ತು. ಅದೇ ಸೀಟಿನಲ್ಲಿ ಹೆರಿಗೆ ನೋವಿನ ಹೆಂಗಸರು ಮಲಗಿ ಆಸ್ಪತ್ರೆ ಮುಟ್ಟಿದ್ದರು. ಇಬ್ಬರು ಅಲ್ಲಿಯತನಕ ಕಾಯದೆ ದಾರಿಯಲ್ಲೇ ಹೆತ್ತಿದ್ದರು.

ಗಿರಣಿ ಕುದುರಿದ ಮೇಲೆ ಬಸವಪ್ರಸಾದನಿಗೆ ಗಾಡಿಗಳ ಹುಚ್ಚು ಹತ್ತಿತು. ಮೊದಲು ಒಂದು ಅಂಬಾಸಿಡರ್, ಆಮೇಲೆ ಫಿಯಟ್, ಲ್ಯಾಂಬ್ರೆಟಾ, ಚೇತಕ್, ರಾಜದೂತ, ಮೂರು ಗಾಲಿಯ ಟೆಂಪೊ. ಬೇರೆಯವರು ರಾಜಮಹಾರಾಜರ ಕಾರು ಹುಡುಕಿದರೆ ಇವನು ಹುಡುಕುತ್ತಿದ್ದದ್ದು ಮಾಸ್ತರರು, ಡಾಕ್ಟರರು, ಕಿರಾಣಿಯವರು ಓಡಿಸಿದ ಗಾಡಿ. ದಿನಬಳಕೆಯ ಗಾಡಿಗಳನ್ನು ಉಳಿಸುವವರು ಯಾರೂ ಇಲ್ಲ ಎಂದು ಕಣ್ಣಲ್ಲಿ ನೀರು ತಂದುಕೊಂಡು ಹೇಳುತ್ತಿದ್ದ. ಉಳಿಸುವುದೆಂದರೆ ಅವನ ಲೆಕ್ಕದಲ್ಲಿ ಓಡದಂತೆ ಮಾಡುವುದು. ಗೋದಾಮಿಗೆ ಬಂದ ಗಾಡಿಯ ಬ್ಯಾಟರಿ ಬಿಚ್ಚಿಸುತ್ತಿದ್ದ, ಟ್ಯಾಂಕಿಗೆ ತುಕ್ಕು ಹಿಡಿದೀತೆಂದು ಪೆಟ್ರೋಲು ಹನಿ ಬಿಡದೆ ತೆಗೆಸುತ್ತಿದ್ದ. ಹತ್ತಿಯ ಬಿಳಿ ಗ್ಲೌಸ್ ಹಾಕದೆ ಯಾರೂ ಮುಟ್ಟುವ ಹಾಗಿಲ್ಲ. ದಸರೆಯಲ್ಲಿ ಆಯುಧ ಪೂಜೆ ಮಾಡುವ ಖಂಡೆ ಪೂಜೆಯ ದಿನ ಕೂಡ ವಿಭೂತಿ ಬಾನೆಟ್ಟಿಗಲ್ಲ, ಟೈರಿಗೆ. ಬಣ್ಣ ಹಾಳಾಗುತ್ತದಂತೆ! ಶಿವ ಟೈರಿನ ಹತ್ತಿರ ಇರಬೇಕು, ಪಾಲಿಶು ಮೇಲಿರಬೇಕು.

ಹೋದ ವರ್ಷ ಸುನಂದಾ ಬಚ್ಚಲಲ್ಲಿ ಜಾರಿ ಬಲಗೈ ಮಣಿಕಟ್ಟು ಮುರಿದುಕೊಂಡಳು. ಎರಡು ತಿಂಗಳು ಪ್ಲಾಸ್ಟರು. ಕಾರಿಗೆ ಸಣ್ಣ ಕೆಲಸ ಇದೆ ಎಂದು ಬಸವಪ್ರಸಾದ ಅದನ್ನು ಮೆಕ್ಯಾನಿಕ್ ಸತ್ತಾರ್ ಸಾಬ್ ಹತ್ತಿರ ಬಿಟ್ಟ. ಪ್ಲಾಸ್ಟರು ಬಿಚ್ಚಿಸಿಕೊಂಡು ಬಂದ ದಿನ ಅವಳು ಕೀಲಿ ಕೇಳಿದಳು. ಅವನು ಕೈಹಿಡಿದು ಗೋದಾಮಿಗೆ ಕರೆದುಕೊಂಡು ಹೋಗಿ, ಮುಸುಕು ಸರಿಸಿ ತೋರಿಸಿದ. ಮದುಮಗಳ ಹಾಗೆ ಹೊಳೆಯುತ್ತಿತ್ತು.

"ಇನ್ನ ಇದನ್ನ ಓಡಸೂ ಹಂಗಿಲ್ಲ ಸುನಂದಾ," ಎಂದ. "ಗ್ಲಾಸು, ಸೀಟು, ಸ್ಟೆಪ್ನಿ, ಪಾನಾ-ಪಕ್ಕಡ ಎಲ್ಲಾ ಕಂಪನೀವು ಹಂಗ ಅದಾವ. ಬಿಲ್ ಸೈತ ಸಿಕ್ತು. ಇಂಥ ಗಾಡಿ ಇಡೀ ಜಿಲ್ಲಾದಾಗ ಇನ್ನೊಂದಿಲ್ಲ. ನಿನಗ ಗೊತ್ತಿಲ್ಲದಂಗ ಎಂಥಾ ಮಾಲ್ ಇಟ್ಕೊಂಡಿದ್ದಿ ನೋಡು!"

"ಮತ್ತ ನಾ ಡ್ಯೂಟಿಗೆ ಹೋಗೂದು?"

"ಶ್ರಾವಣ ಬರ್ಲಿ, ಹೊಸಾದು ಕೊಡಸ್ತೀನಿ."

ಶ್ರಾವಣ ಬಂತು. ಶ್ರಾವಣದ ಜೊತೆಗೆ ದೇವದುರ್ಗದಿಂದ ಲಾರಿಯ ಮೇಲೆ ಒಂದು ಹಳೆಯ ಜೀಪೂ ಬಂತು, ಗೋದಾಮಿಗೆ. ಸುನಂದಾಳ ಪಾಲಿಗೆ ಬಂದದ್ದು ಬಸ್ಸು ಮತ್ತು ಜನರನ್ನು ತುರುಕಿಕೊಂಡು ಓಡುವ ಮೂರು ಗಾಲಿಯ ಟಂಟಂ. ಗುರುವಾರ ಲಸಿಕೆಯ ದಿನ. ಐವತ್ತೆರಡರ ಹೆಂಗಸು, ಕೂಡಿದ ಮೂಳೆ ಇನ್ನೂ ನೋಯುವ ಕೈಯಲ್ಲಿ ಡಬ್ಬಿಯನ್ನು ತೊಡೆಯ ಮೇಲೆ ಒತ್ತಿ ಹಿಡಿದುಕೊಂಡು, ಎರಡೂ ಕಡೆ ಜನ ಒತ್ತರಿಸುತ್ತಿದ್ದರೆ ಕುಕ್ಕರಿಸಿ ಕೂತು ಹೋಗಬೇಕು. ಊರು ಮುಟ್ಟುವಾಗ ಹನ್ನೆರಡಾಗಿರುತ್ತಿತ್ತು. ಅಷ್ಟರಲ್ಲಿ ತಾಯಂದಿರು ಕಾದು ಕಾದು ಕೂಲಿಗೆ ಹೋಗಿರುತ್ತಿದ್ದರು.

ಹೋದ ತಿಂಗಳು ದುರುಗಮ್ಮ ಎಂಬ ಮುದುಕಿ ಮೊಮ್ಮಗಳನ್ನು ಸೊಂಟದ ಮೇಲೆ ಕೂರಿಸಿಕೊಂಡು ಬಂದಳು. ಮಗುವಿನ ಕಾರ್ಡು ನೋಡಿದರೆ ಎರಡು ಸೂಜಿ ತಪ್ಪಿದ್ದವು. ಸುನಂದಾ ಗದರಿದಳು. ಮುದುಕಿ ಅಷ್ಟಕ್ಕೆ ಹೆದರುವವಳಲ್ಲ.

"ನನಗ್ಯಾಕ ಬೈತೀರಿ ಸಿಸ್ಟರ್? ಮೊದ್ಲು ನಿಮ್ಮ ಕೆಂಪು ಗಾಡಿ ಕೆರಿ ಏರಿ ಮ್ಯಾಲೆ ಕಂಡ್ರ ಸೂಜಿ ಬಂತು ಅಂತ ಊರಿಗೆಲ್ಲಾ ತಿಳೀತಿತ್ತು. ಹೊಲದಾಗ ಇದ್ದಾಕಿ ಸೈತ ಓಡಿ ಬರ್ತಿದ್ಲು. ಈಗ ನೀವು ಯಾವಾಗ ಬರ್ತೀರಿ, ಯಾವಾಗ ಹೋಗ್ತೀರಿ, ಯಾರಿಗೂ ತಿಳೀವಲ್ದು. ಮಾರಿಬಿಟ್ರೇನು ಗಾಡಿ?"

ಅಂದು ಸುನಂದಾ ಮನೆಗೆ ಬಂದು ಗಂಡನಿಗೆ ಇದನ್ನು ಹೇಳಿದಳು. ಬಸವಪ್ರಸಾದನ ಮುಖ ಅರಳಿತು. "ಬರದಿಡು, ಬರದಿಡು," ಎಂದ. "ಇಂಥಾ ಕತಿ ಭಾಳ ಬೇಕು ಗಾಡಿಗೆ." ಅವಳ ಪಿತ್ತ ನೆತ್ತಿಗೇರಿತು. ತಟ್ಟೆಯನ್ನು ಅವನ ಮುಂದೆ ಕುಕ್ಕಿ ಒಳಗೆ ಹೋದಳು. ಅವನು ಉಂಡ. ರೊಟ್ಟಿ ದಪ್ಪ ಆಗಿವೆ ಎಂದೂ ಹೇಳಿದ.

ಒಂದು ಶನಿವಾರ ಬೆಳಿಗ್ಗೆ ಅವನು ಬೆಣ್ಣೆ ಸವರಿದ ದನಿಯಲ್ಲಿ ಮಾತು ತೆಗೆದ. ಮರುದಿನ ರಾಯಚೂರಿನಲ್ಲಿ ಹಳೆಯ ಗಾಡಿಗಳವರ ಕೂಟ. ಅವಳೂ ಬರಬೇಕು.

"ನಾ ಯಾಕ ಬರ್ಲಿ?"

"ಒಂದೇ ಕೈ ಅಂತ ಒಂದು ಬಹುಮಾನ ಇಟ್ಟಾರ. ಕೊಂಡಾಗಿಂದ ಒಬ್ಬರೇ ಮಾಲೀಕರು ಇದ್ದ ಗಾಡಿಗೆ. ಮಾಲೀಕರು ಆರ್‌ಸಿ ತೋರಿಸಿ, ಕೀಲಿ ಹಿಡ್ಕೊಂಡು ಸ್ಟೇರಿಂಗ್ ಮುಂದ ಕೂಡಬೇಕು. ಫೋಟೋ ತಗೀತಾರ."

"ಅಂದ್ರ ಮಾಲೀಕಳು ನಾನ?"

"ಕಾಗದದ ಮ್ಯಾಲೆ ನೀನ ಅಲ್ಲೇನು?" ಎಂದು ನಕ್ಕ. "ಛಲೋ ಸೀರಿ ಉಟ್ಗೊ."

ಕಾಗದದ ಮೇಲೆ! ಕಾರು ಕೈಬಿಟ್ಟ ಈ ಹದಿನಾಲ್ಕು ತಿಂಗಳೂ ಆ ಕಾಗದ ಅವಳ ಬೀರುವಿನಲ್ಲೇ ಇತ್ತು. ಒಂದು ದಿನವೂ ಯಾರಿಗೂ ಅದರ ನೆನಪಾಗಿರಲಿಲ್ಲ. ಈಗ ಬಹುಮಾನಕ್ಕೆ ಬೇಕಾಯಿತು. ಬರುವುದಿಲ್ಲ ಎನ್ನುವ ಮಾತು ನಾಲಿಗೆ ತುದಿಗೆ ಬಂತು. ಆದರೆ ಕೀಲಿ ತನ್ನ ಕೈಗೆ ಬರುತ್ತದೆ ಎಂಬುದು ಹೊಳೆದು ಸುಮ್ಮನಾದಳು.

ಕಾರನ್ನು ಲಾರಿಯ ಮೇಲೆ ಒಯ್ದರು. ಅದನ್ನು ಇಳಿಸಲಿಕ್ಕೆಂದು ಜೊತೆಗೆ ಬಂದ ಸತ್ತಾರ್ ಸಾಬ್ ಬ್ಯಾಟರಿ ಕೂಡಿಸಿದ. ಮೈದಾನದಲ್ಲಿ ಶಾಮಿಯಾನ, ನಲವತ್ತು ಐವತ್ತು ಗಾಡಿ, ಮೈಕು. ಅವಳ ಕಾರಿನ ಮುಂದೆ ಚೌಕಟ್ಟು ಹಾಕಿದ ಒಂದು ಬೋರ್ಡು. 'ಈ ಗಾಡಿ ಇಪ್ಪತ್ತು ವರ್ಷ ಹಳ್ಳಿಹಳ್ಳಿಗೆ ಹೋಗಿ ಕಂದಮ್ಮಗಳಿಗೆ ಲಸಿಕೆ ತಲುಪಿಸುತ್ತಿತ್ತು. ಸಂಗ್ರಹ: ಬಸವಪ್ರಸಾದ, ಮಾನ್ವಿ.' ಸುನಂದಾ ಎರಡೆರಡು ಸಲ ಓದಿದಳು. ಗಾಡಿಯೇ ಹೋಗುತ್ತಿತ್ತಂತೆ, ತಾನೇ ಚಕ್ರ ತಿರುಗಿಸಿಕೊಂಡು! ಒಳಗೆ ಬಗ್ಗಿ ನೋಡಿದಳು. ಹಿಂದಿನ ಸೀಟಿನಲ್ಲಿ ಒಂದು ಐಸ್ ಡಬ್ಬಿ. ಅಟ್ಟದಲ್ಲಿದ್ದ ಹಳೆಯದನ್ನು ಹುಡುಕಿ ತೆಗೆದು, ತೊಳೆದು, ಸುತ್ತ ಸೇವಂತಿಗೆ ಹಾರ ಹಾಕಿ ಕೂರಿಸಿದ್ದ. ಮೊನ್ನೆ ಗುರುವಾರ ಅದರ ಜೊತೆಯ ಡಬ್ಬಿ ಟಂಟಂನಲ್ಲಿ ಅವಳ ತೊಡೆಯನ್ನು ಮರಗಟ್ಟಿಸಿತ್ತು. ಅವಳ ಮೈಯೆಲ್ಲ ಉರಿದುಹೋಯಿತು.

ಕೂಟದ ಅಧ್ಯಕ್ಷ ವಿರೂಪಣ್ಣ, ರಾಯಚೂರಿನ ಹತ್ತಿ ವ್ಯಾಪಾರಿ, ಮೈಕಿನಲ್ಲಿ ಕೂಗಿದ. "ಒಂದೇ ಕೈಯ ಗಾಡಿ, ಒಂದೇ ಕೈಯ ಗಾಡಿ! ತಂಗೀ, ಬರ್ರಿ, ಆರ್‌ಸಿ ತೋರಿಸ್ರಿ. ಪ್ರಸಾದ, ಅವರ ಕೈಯಾಗ ಕೀಲಿ ಕೊಡಪಾ."

ಬಸವಪ್ರಸಾದ ಬಿಳಿ ಗ್ಲೌಸಿನ ಕೈಯಿಂದ, ದೇವರ ಪ್ರಸಾದ ಕೊಟ್ಟ ಹಾಗೆ, ಕೀಲಿ ಕೊಟ್ಟ. "ಸ್ಟೇರಿಂಗ್ ಮ್ಯಾಲೆ ಕೈ ಇಡಬ್ಯಾಡ, ಹಿಡ್ದಂಗ ಮಾಡು," ಎಂದು ಕಿವಿಯಲ್ಲಿ ಹೇಳಿದ. ಸುನಂದಾ ಆರ್‌ಸಿಯನ್ನು ವಿರೂಪಣ್ಣನ ಕೈಗೆ ಕೊಟ್ಟು ಕೂತಳು. ಫೋಟೋದವನು ನಗಿರಿ ಅಂದ. ಅವಳು ಬಾಗಿಲು ಎಳೆದುಕೊಂಡು ಕೀಲಿ ತಿರುಗಿಸಿದಳು.

ಮೊದಲ ಸಲಕ್ಕೇ ಇಂಜಿನ್ನು ಹಿಡಿಯಿತು. ಮುರಿದು ಕೂಡಿದ ಮಣಿಕಟ್ಟು ಒಂದಿಷ್ಟೂ ತಡವರಿಸಲಿಲ್ಲ. ಗೇರು ಹಾಕಿ ಕ್ಲಚ್ಚು ಬಿಟ್ಟಳು. ಬೋರ್ಡು ಬಂಪರಿಗೆ ಬಡಿದು ಬೋರಲು ಬಿತ್ತು. "ಏ, ಏ, ಸುನಂದಾ!" ಎಂದು ಬಸವಪ್ರಸಾದ ಕೂಗಿದ. ಜನ ಇದೂ ಕಾರ್ಯಕ್ರಮವೇ ಎಂದುಕೊಂಡು ಚಪ್ಪಾಳೆ ತಟ್ಟಿದರು. ಅವಳು ಗೇಟಿನ ಕಡೆ ಹೊರಟಳು. ಹದಿನಾಲ್ಕು ತಿಂಗಳ ಮೇಲೆ ಮೊದಲ ಸಲ ಉಸಿರು ಪೂರಾ ಒಳಗೆ ಹೋಗಿತ್ತು.

ಗೇಟು ಹತ್ತು ಹೆಜ್ಜೆ ಇರುವಾಗ ಕಾರು ಎರಡು ಸಲ ಜಗ್ಗಿ ನಿಂತುಬಿಟ್ಟಿತು. ಮತ್ತೆ ಕೀಲಿ ತಿರುಗಿಸಿದಳು. ಕರಕರ ಅಂದಿತೇ ಹೊರತು ಹಿಡಿಯಲಿಲ್ಲ.

ಸತ್ತಾರ್ ಸಾಬ್ ಓಡುತ್ತ ಬಂದು ಕಿಟಕಿಗೆ ಬಗ್ಗಿದ. ಅವನ ಮುಖ ಸಣ್ಣದಾಗಿತ್ತು. "ಟಾಕಿನಾಗ ಪೆಟ್ರೋಲ್ ಇಲ್ರೀ ಅಕ್ಕಾರ. ಲಾರಿಯಿಂದ ಇಳಸಾಕ ಒಂದು ಕ್ವಾರ್ಟರ್ ಬಾಟ್ಲಿ ಹಾಕಿದ್ದೆ. ಜಾಸ್ತಿ ಹಾಕಬ್ಯಾಡ ಅಂತ ಸಾವಕಾರ್ರು ಹೇಳಿದ್ರು."

ಅವಳು ಕಾರಿನಿಂದ ಇಳಿದಳು. ಅಳು ಬರುವಷ್ಟು ಸಿಟ್ಟು ಬಂದಿತ್ತು, ಆದರೆ ಅಳಲಿಲ್ಲ. ಅಷ್ಟರಲ್ಲಿ ಏದುಸಿರು ಬಿಡುತ್ತ ಬಸವಪ್ರಸಾದನೂ ಬಂದ. ಹಿಂದೆ ವಿರೂಪಣ್ಣ, ಅವನ ಹಿಂದೆ ಅರ್ಧ ಶಾಮಿಯಾನ.

"ಏನ್ ಹುಡುಗಾಟ ಇದು? ಕೀಲಿ ಕೊಡು," ಎಂದ.

ಸುನಂದಾ ಕೀಲಿಯನ್ನು ಮುಷ್ಟಿಯಲ್ಲಿ ಹಿಡಿದು ಎಲ್ಲರಿಗೂ ಕೇಳುವ ಹಾಗೆ ಹೇಳಿದಳು. "ವಿರೂಪಣ್ಣಾರ, ಇವತ್ತು ನೀವ ಹೇಳ್ರಿ. ಈ ಗಾಡಿ ಯಾರ್ದು?"

ವಿರೂಪಣ್ಣನ ಕೈಯಲ್ಲಿ ಆರ್‌ಸಿ ಇನ್ನೂ ಹಾಗೆಯೇ ಇತ್ತು. ಅವನು ಅದನ್ನೊಮ್ಮೆ, ಬಸವಪ್ರಸಾದನನ್ನೊಮ್ಮೆ ನೋಡಿದ. "ಆರ್‌ಸಿ ನಿಮ್ಮ ಹೆಸರೀಲೆ ಅದ ತಂಗೀ. ಅದಕ್ಕ ಅಲ್ಲೇನ್ರೀ ಬಹುಮಾನ ಕೊಡಾಕತ್ತಿದ್ದು."

"ಬಹುಮಾನ ನೀವ ಇಟ್ಗೋರಿ. ನನಗ ಗುರುವಾರ ಹದಿನೇಳು ಕೂಸಿಗೆ ಸೂಜಿ ಹಾಕೂದದ. ಒಂದು ವರ್ಷದಿಂದ ನಾ ಐಸ್ ಡಬ್ಬಿ ತೊಡಿ ಮ್ಯಾಲೆ ಇಟ್ಕೊಂಡು ಟಂಟಂದಾಗ ಹೋಗಾಕತ್ತೀನಿ. ಇವ್ರು ಖಾಲಿ ಡಬ್ಬಿಗೆ ಹಾರ ಹಾಕಿ, ನನ್ನ ಗಾಡಿ ಸೀಟಿನಾಗ ಕುಂದ್ರಿಸ್ಯಾರ!"

ಯಾರೂ ಚಪ್ಪಾಳೆ ತಟ್ಟಲಿಲ್ಲ. ಗೇಟಿನ ಆಚೆ ಒಂದು ಫರ್ಲಾಂಗು ದೂರದಲ್ಲಿ ಪೆಟ್ರೋಲ್ ಬಂಕು ಕಾಣುತ್ತಿತ್ತು. ಸತ್ತಾರ್ ಸಾಬ್ ಅಂಗಿಯ ತೋಳು ಮಡಚಿ, ಅಲ್ಲಿಯತನಕ ತಳ್ಳಲು ಕಾರಿನ ಹಿಂದೆ ಬಂದು ನಿಂತ.

"ನೀವು ಬಿಡ್ರಿ ಸಾಬ್," ಎಂದಳು ಸುನಂದಾ. ಗಂಡನ ಕಡೆ ತಿರುಗಿದಳು. "ನೀವು ದಬ್ರಿ."

"ಜನ ನೋಡಾಕತ್ತಾರ..."

"ದಬ್ರಿ ಅಂದೆ."

ಇಪ್ಪತ್ತೆಂಟು ವರ್ಷದ ಸಂಸಾರದಲ್ಲಿ ಬಸವಪ್ರಸಾದ ಆ ದನಿ ಕೇಳಿರಲಿಲ್ಲ. ಅವನು ಸುತ್ತ ನೋಡಿದ. ಯಾರ ಮುಖದಲ್ಲೂ ಆಸರೆ ಕಾಣಲಿಲ್ಲ. ಎಲ್ಲರೂ ತಮ್ಮ ತಮ್ಮ ಚಪ್ಪಲಿ ನೋಡಿಕೊಳ್ಳುತ್ತಿದ್ದರು. ಅವನು ಕಾರಿನ ಹಿಂದೆ ಹೋಗಿ ಡಿಕ್ಕಿಯ ಮೇಲೆ ಕೈ ಇಟ್ಟ. ಗ್ಲೌಸು ಜಾರಿತು. ಮತ್ತೆ ಇಟ್ಟ, ಮತ್ತೆ ಜಾರಿತು. ಕೊನೆಗೆ ಹಲ್ಲು ಕಡಿಯುತ್ತ ಗ್ಲೌಸು ಕಿತ್ತು ಜೇಬಿಗೆ ತುರುಕಿ, ಬರಿಗೈ ಊರಿ ತಳ್ಳಿದ. ಸುನಂದಾ ಒಳಗೆ ಕೂತು ಸ್ಟೇರಿಂಗ್ ಹಿಡಿದಳು. ಗಟ್ಟಿಯಾಗಿಯೇ ಹಿಡಿದಳು.

ಉರಿಬಿಸಿಲಿನ ಒಂದು ಫರ್ಲಾಂಗು ಅದು. ಆಟೋದವರು ಹಾರನ್ನು ಹೊಡೆದರು. ಯಾರೋ "ಬ್ಯಾಟ್ರಿ ಡೌನಾ ಸಾವಕಾರ?" ಎಂದು ಕೇಳಿ ನಕ್ಕು ಹೋದರು. ಕನ್ನಡಿಯಲ್ಲಿ ಗಂಡನ ಬೆವರಿದ ಮುಖ ಏರುತ್ತ ಇಳಿಯುತ್ತ ಬರುತ್ತಿತ್ತು. ಅವಳಿಗೆ ಒಂದು ಚಣ ಅಯ್ಯೋ ಅನ್ನಿಸಿತು. ಅದರ ಹಿಂದೆಯೇ ಎರಡು ಸೂಜಿ ತಪ್ಪಿದ ಮಗುವಿನ ಕಾರ್ಡು ಕಣ್ಣ ಮುಂದೆ ಬಂತು. ಅಯ್ಯೋ ಅನ್ನಿಸಿದ್ದು ಅಲ್ಲಿಗೇ ಮುಗಿಯಿತು.

ಬಂಕಿನಲ್ಲಿ ಟ್ಯಾಂಕು ತುಂಬಿಸಿ, ತನ್ನ ಪರ್ಸಿನಿಂದ ಹಣ ಕೊಟ್ಟಳು. ಹಾರ ಹಾಕಿದ ಡಬ್ಬಿಯನ್ನು ಹಿಂದಿನ ಸೀಟಿನಿಂದ ಎತ್ತಿ, ಏದುಸಿರು ಬಿಡುತ್ತ ನಿಂತಿದ್ದ ಗಂಡನ ಕೈಗೆ ಕೊಟ್ಟು, ಬಂದು ಕೂತಳು. ಇಂಜಿನ್ನು ಹಿಡಿಯಿತು. ಬಸವಪ್ರಸಾದ ಡಬ್ಬಿಯನ್ನು ಎದೆಗವಚಿಕೊಂಡೇ ಎಡಗಡೆಯ ಬಾಗಿಲಿಗೆ ಬಂದು ಹಿಡಿ ಎಳೆದ. ಒಳಗಿನಿಂದ ಲಾಕಾಗಿತ್ತು. ಗಾಜು ತಟ್ಟಿದ. ಅವಳು ಆ ಕಡೆ ಬಗ್ಗಿ ಗಾಜನ್ನು ನಾಲ್ಕು ಬೆರಳಿನಷ್ಟು ಇಳಿಸಿದಳು.

"ಬಾಗ್ಲ ತಗೀ," ಎಂದ. ಅವಳು ತೆಗೆಯಲಿಲ್ಲ. ಅವನ ದನಿ ತಗ್ಗಿತು. "ಮಾನ್ವಿ ಇಷ್ಟು ದೂರ ಅದ. ಈ ಡಬ್ಬಿ ಹಿಡ್ಕೊಂಡು ನಾ ಹೆಂಗ ಬರ್ಲಿ, ಸುನಂದಾ?"

ಅವಳು ಅವನನ್ನೇ ನೋಡಿದಳು. ಹದಿನಾಲ್ಕು ತಿಂಗಳಲ್ಲಿ, ಎಷ್ಟೊಂದು ಗುರುವಾರಗಳಲ್ಲಿ, ನೀ ಹೆಂಗ ಹೋಗ್ತಿ ಎಂದು ಅವನು ಅವಳನ್ನು ಒಂದು ಸಲವೂ ಕೇಳಿರಲಿಲ್ಲ.

ಗಾಜು ಏರಿಸಿ, ಗೇರು ಹಾಕಿ, ಮಾನ್ವಿಯ ರಸ್ತೆಗೆ ಕಾರು ತಿರುಗಿಸಿದಳು.