ನೀರಿಲ್ಲದೆ ಹೊರಟ ಗಾಡಿ

ತಲಾಸೊ ನೀರಿನ ಕ್ಯಾನನ್ನು ಮನೆ ಬಾಗಿಲಲ್ಲೇ ಬಿಟ್ಟು ಹಳೆಯ ಜೀಪುಗಾಡಿ ಹತ್ತಿದಳು. ಒಂಟೆಯಾಗಲಿ ಗಾಡಿಯಾಗಲಿ, ಕೊಳ್ಳುವ ಮುಂಚೆ ಮಾರುವವನ ಜೊತೆ ಪರೀಕ್ಷೆಗೆ ಹೊರಟವರು ನೀರು ಒಯ್ಯುವಂತಿಲ್ಲ, ಅದು ಅವರ ಊರಿನ ಪದ್ಧತಿ. ಒಯ್ದರೆ ‘ನಿನ್ನ ಮಾತು ನಂಬುವುದಿಲ್ಲ’ ಎಂದು ಮುಖಕ್ಕೆ ಉಗಿದ ಹಾಗೆ. ಅದರಲ್ಲೂ ಮಾರುವವನು ಬೊನಾಯ, ಅವಳ ಸೋದರಮಾವ, ಎತ್ತಿ ಆಡಿಸಿದವನು.

ಅವಳು ಕಲಾಚ ಎಂಬ ಮರುಭೂಮಿಯ ಊರಿನ ಸೂಲಗಿತ್ತಿ. ಹೆರಿಗೆ ಕಷ್ಟವಾದರೆ ಮಾರ್ಸಾಬಿಟ್ಟು ಪಟ್ಟಣದ ಆಸ್ಪತ್ರೆಗೆ ಚಾಲ್ಬಿಯ ಉಪ್ಪುಬಯಲು ದಾಟಬೇಕು. ಹೋದ ವರ್ಷ ಬಾಡಿಗೆ ಗಾಡಿ ನಡುದಾರಿಯಲ್ಲಿ ಕೈಕೊಟ್ಟು ಅವಳ ತಂಗಿ ತೂಮೆ ತುಂಬು ಬಸುರಿಯಾಗಿ ಆ ಬಯಲಲ್ಲೇ ಕಣ್ಣುಮುಚ್ಚಿದ್ದಳು. ಇನ್ನೊಬ್ಬಳಿಗೆ ಹಾಗಾಗಬಾರದೆಂದು ಊರ ಹೆಂಗಸರು ಸೇರಿ ಸ್ವಂತ ಗಾಡಿ ಕೊಳ್ಳಲು ಹೊರಟಿದ್ದರು. ಆಯ್ಕೆ ತಲಾಸೊಳದು.

ಗಾಡಿಯಲ್ಲಿ ಗುಣಗಳೇನೋ ಇದ್ದವು. ಬೆಳಿಗ್ಗೆ ಅವಳೇ ಅದರ ಕೆಳಗೆ ತೂರಿ ನೋಡಿದ್ದಳು. ತಳದ ಚೌಕಟ್ಟಿಗೆ ತುಕ್ಕು ಹಿಡಿದಿರಲಿಲ್ಲ, ಸ್ಪ್ರಿಂಗು ಗಟ್ಟಿಯಾಗಿತ್ತು. ನಾಲ್ಕೂ ಚಕ್ರ ಒಟ್ಟಿಗೆ ಎಳೆದು ಕಲ್ಲುದಿಬ್ಬ ಹತ್ತಿಸಿದವು. ಮೆತ್ತನೆಯ ಮರಳಲ್ಲಿ ಒಮ್ಮೆಯೂ ಹೂತುಕೊಳ್ಳಲಿಲ್ಲ.

“ನೋಡಿದ್ಯಾ? ಇಪ್ಪತ್ತು ವರ್ಷದ ಮುದುಕಿ, ಇನ್ನೂ ಹೆಂಗೆ ಕುಣೀತಾಳೆ!” ಎಂದ ಬೊನಾಯ.

“ಮುದುಕೀರಿಗೆ ಕಾಯಿಲೆ ಒಳಗಿರುತ್ತೆ ಮಾವ. ನೆತ್ತಿಬಿಸಿಲಲ್ಲಿ ಓಡ್ಸಿದ್ಯಾ ಇದನ್ನ?”

“ನಿನ್ ಮಾವನ ಮಾತಿಗೂ ಸಾಕ್ಷಿ ಬೇಕೇನೇ?”

ಅವಳು ಕಿಟಕಿಯಾಚೆ ತಿರುಗಿದಳು. ಗಾಡಿ ಉಪ್ಪುಬಯಲಿಗೆ ಇಳಿಯಿತು.

ಬಯಲಿನ ನಟ್ಟನಡುವೆ ಇಂಜಿನ್ನಿನ ಬಿಸಿ ತೋರಿಸುವ ಮುಳ್ಳು ಕೆಂಪು ಗೆರೆ ಮುಟ್ಟಿತು.

“ಮಾವ, ಮುಳ್ಳು!”

“ಅದು ಸುಳ್ಳು ಹೇಳುತ್ತೆ, ಬಿಡು.”

ಸುಟ್ಟ ವಾಸನೆ ಬಂತು. ಬಾನೆಟ್ಟಿನಿಂದ ಹಬೆ ಬುಸ್ಸೆಂದು ಎದ್ದು ಗಾಡಿ ನಿಂತೇಬಿಟ್ಟಿತು.

ಸುತ್ತ ಕಣ್ಣು ಕುಕ್ಕುವ ಬಿಳಿ ನೆಲ. ಗಿಡವಿಲ್ಲ, ನೆರಳಿಲ್ಲ, ಫೋನಿಗೆ ಸಿಗ್ನಲ್ ಇಲ್ಲ. ಬಾವಿಗೆ ಒಂದು ದಿನದ ನಡಿಗೆ. ಅವಳ ನಾಲಗೆ ಒಣಗಿತು. ತೂಮೆ ‘ನೀರು, ನೀರು’ ಎಂದದ್ದೂ ಇಲ್ಲೇ ಎಲ್ಲೋ. ಮಾವನ ಮರ್ಯಾದೆಗೆ ಅಂಜಿ ಕ್ಯಾನು ಬಿಟ್ಟು ಬಂದ ತನ್ನ ಬುದ್ಧಿಗೆ ಬೆಂಕಿ ಬೀಳಲಿ ಎಂದು ಶಪಿಸಿಕೊಂಡಳು. ನಾಳೆ ಈ ಹೊತ್ತಿಗೆ ಇಬ್ಬರೂ ಹೆಣವಾಗಿರುತ್ತೇವೆ ಅನ್ನಿಸಿತು.

ಬೊನಾಯ ಅವಳ ಮುಖ ನೋಡಲಿಲ್ಲ. ಹಿಂದಿನ ಸೀಟು ಎತ್ತಿ, ಗೋಣಿಯಲ್ಲಿ ಸುತ್ತಿಟ್ಟಿದ್ದ ಎರಡು ತುಂಬಿದ ಕ್ಯಾನುಗಳನ್ನು ಹೊರಗೆಳೆದ.

ಹೋದ ಜೀವ ಬಂದಂತಾಯಿತು ಅವಳಿಗೆ. ಮರುಕ್ಷಣವೇ ಮತ್ತೊಂದು ಭಯ ಹೊಕ್ಕಿತು, ಮೊದಲಿನದಕ್ಕಿಂತ ದೊಡ್ಡದು. ಗಾಡಿ ಹೀಗೆ ಕುದಿಯುತ್ತದೆಂದು ಮಾವನಿಗೆ ಮೊದಲೇ ಗೊತ್ತಿತ್ತು.

“ಗಾಡಿ ಮಾರಿದ್ಮೇಲೆ ಈ ಕ್ಯಾನು ಸೀಟಿನ ಕೆಳಗೇ ಬಿಡ್ತಿದ್ಯಾ ಮಾವ, ಇಲ್ಲಾ ಇಳಿಸ್ಕೊಳ್ತಿದ್ಯಾ?”

ಅವನು ಕ್ಯಾನಿನ ಮುಚ್ಚಳ ಬಿಚ್ಚತೊಡಗಿದ. “ಕ್ಯಾನು ನೋಡಿದ್ರೆ ನೀನು ಗಾಡಿ ತಗೋತಾನೇ ಇರ್ಲಿಲ್ವಲ್ಲೇ,” ಎಂದ ಸಣ್ಣ ದನಿಯಲ್ಲಿ.

ಇಂಜಿನ್ ತಣ್ಣಗಾದ ಮೇಲೆ ಒಂದು ಕ್ಯಾನನ್ನು ರೇಡಿಯೇಟರಿಗೆ ಸುರಿದರು. ಇನ್ನೊಂದನ್ನು ಅವಳು ಮಡಿಲಲ್ಲಿ ಅವುಚಿಕೊಂಡು ಊರು ಕಾಣುವವರೆಗೂ ಮುಳ್ಳನ್ನೇ ನೋಡುತ್ತ ಕೂತಳು. ಮನೆ ಮುಂದೆ ಇಳಿದು, ಬಾಗಿಲಲ್ಲಿದ್ದ ತನ್ನ ಕ್ಯಾನನ್ನು ಕೈಗೆತ್ತಿಕೊಂಡಳು.

“ಈ ಗಾಡಿ ನಮಗೆ ಬೇಡ. ಇನ್ಮೇಲೆ ನಿನ್ ಜೊತೆ ಎಲ್ಲಿಗೆ ಹೊರಟ್ರೂ ಇದು ನನ್ ಕೈಯಲ್ಲೇ ಇರುತ್ತೆ ಮಾವ.”