ಮೂಲೆಕುರ್ಚಿಯ ಲೂಷಿಯಸ್ ಟಾರ್ವರ್

ಲೂಷಿಯಸ್ ಟಾರ್ವರ್ ಬೀದಿಯಲ್ಲಿ ನಡೆದುಬಂದರೆ, ಬಂದವನು ಯಾರೆಂದು ಹಾರ್ಲೆಮ್ ಬಡಾವಣೆಯ ಕ್ಷೌರಿಕ ತಲೆಯೆತ್ತದೆಯೇ ಹೇಳುತ್ತಿದ್ದ. ಅವಸರವಿಲ್ಲ, ಆಲಸ್ಯವಿಲ್ಲ, ಸಮನಾದ ನಾಲ್ಕು ಹೆಜ್ಜೆ, ಮತ್ತೆ ನಾಲ್ಕು. ಈರುಳ್ಳಿ ಹೆಚ್ಚಿದರೂ ಅದೇ ಲಯ. "ನಮ್ಮನೆಯವರು ಜಗಳಾನೂ ತಾಳ ಹಾಕ್ಕೊಂಡೇ ಆಡ್ತಾರೆ," ಎಂದು ಹೆಂಡತಿ ಒಡೆಸ್ಸಾ ನೆರೆಯವರಲ್ಲಿ ದೂರುತ್ತಿದ್ದಳು. ದೂರಿಗಿಂತ ಅದರಲ್ಲಿ ಹೆಮ್ಮೆಯೇ ಹೆಚ್ಚು.

ಅವನು ನುಡಿಸುತ್ತಿದ್ದುದು ಮೊದಲು ಬ್ಯಾಂಜೊ, ಬಳಿಕ ಗಿಟಾರು. ಕ್ಲಿಯೋಫಸ್ ರಿಡ್ಲಿಯ ಹದಿನಾಲ್ಕು ಜನರ ಜಾಝ್ ಮೇಳದಲ್ಲಿ, ಡ್ರಮ್ಮಿನ ಪಕ್ಕದ ಮೂಲೆಕುರ್ಚಿ ಹನ್ನೊಂದು ವರ್ಷದಿಂದ ಅವನದು. ಮೇಳಕ್ಕೆಲ್ಲ ಬಿಳಿ ಕೋಟು ಬಂದಾಗಲೂ, ತಂತಿಗೆ ಉಜ್ಜಿ ಬಲತೋಳು ಸವೆದ ತನ್ನ ಕಂದು ಕೋಟನ್ನು ಅವನು ಬಿಡಲಿಲ್ಲ. ತುತ್ತೂರಿಯವರು ಎದ್ದುನಿಂತು ಚಪ್ಪಾಳೆ ಗಿಟ್ಟಿಸುವಾಗ, ಈತ ತಲೆತಗ್ಗಿಸಿ ಆವರ್ತಕ್ಕೆ ನಾಲ್ಕರಂತೆ ಮೀಟುತ್ತ ಕೂತಿರುತ್ತಿದ್ದ. ಅಷ್ಟು ಗದ್ದಲದಲ್ಲಿ ಅದು ಯಾರ ಕಿವಿಗೂ ಬೀಳುತ್ತಿರಲಿಲ್ಲ.

ಜೋರು ದನಿಯ ವಿದ್ಯುತ್ ಗಿಟಾರು ಹೊಸದಾಗಿ ಬಂದ ಕಾಲ. ರಿಡ್ಲಿ ಒಂದನ್ನು ತಂದು ಅವನ ಮುಂದಿಟ್ಟ.

"ಲೂಷ್, ಎದ್ದು ನಿಂತು ಒಬ್ಬನೇ ನುಡಿಸು ಮಾರಾಯ. ನೀನಿರೋದೇ ಜನಕ್ಕೆ ಗೊತ್ತಾಗ್ತಿಲ್ಲ."

"ಗೊತ್ತಾಗ್ಲಿ ಅಂತ ನುಡಿಸ್ತಿಲ್ವಲ್ಲ."

"ಹಂಗಾದ್ರೆ ಈ ಭಾನುವಾರ ವೇದಿಕೆ ಬಿಟ್ಟು ಕೆಳಗೆ ಕೂತ್ಕೋ. ಎಲ್ಲಿ ಅವನು ಅಂತ ಒಬ್ರಾದ್ರೂ ವಿಚಾರಿಸಿದ್ರೆ ಕುರ್ಚಿ ನಿಂದು. ಇಲ್ದಿದ್ರೆ ಬೇರೆಯವನನ್ನ ಹುಡುಕ್ತೀನಿ."

ಭಾನುವಾರ ಮಧ್ಯಾಹ್ನದ ಕುಣಿತಕ್ಕೆ ಸಭಾಂಗಣ ತುಂಬಿತ್ತು. ಒಡೆಸ್ಸಾ ತಂದಿಟ್ಟ ಹುರಿದ ಮೀನು ತಟ್ಟೆಯಲ್ಲೇ ಆರುತ್ತಿತ್ತು. ಲೂಷಿಯಸ್ಸನಿಗೆ ನಿಜವಾಗಿಯೂ ಭಯವಾಗಿತ್ತು. ಒಂದು ಹಾಡು ಮುಗಿಯಿತು, ಎರಡು ಮುಗಿದವು; ಖಾಲಿ ಕುರ್ಚಿಯತ್ತ ಒಬ್ಬರೂ ನೋಡಲಿಲ್ಲ.

ಮೂರನೆಯದರ ನಡುವೆ ಮ್ಯಾಟಿ ಬ್ರಾಡ್ನಾಕ್ಸ್ ಗಕ್ಕನೆ ನಿಂತಳು. ವಾರವಿಡೀ ಲಾಂಡ್ರಿಯಲ್ಲಿ ಇಸ್ತ್ರಿ ತಿಕ್ಕಿ, ಒಂದು ಭಾನುವಾರವನ್ನೂ ತಪ್ಪಿಸದೆ ಕುಣಿಯುವ ಹೆಂಗಸು. ಬಗ್ಗಿ ತನ್ನ ಕಾಲ್ಜೋಡಿನ ಹಿಮ್ಮಡಿಯನ್ನು ಅಲುಗಿಸಿ ನೋಡಿದಳು. ಮತ್ತೆರಡು ಹೆಜ್ಜೆ ಹಾಕಿದಳು, ಸರಿಹೋಗಲಿಲ್ಲ. ನೆಟ್ಟಗೆ ವೇದಿಕೆಗೇ ನಡೆದಳು.

"ರಿಡ್ಲಿಯವ್ರೇ, ನನ್ನ ಜೋಡು ನೆಟ್ಟಗಿದೆ. ಆ ಮೂಲೇಲಿ ಕಂದು ಕೋಟಿನೋರೊಬ್ರು ಕೂತಿರ್ತಿದ್ರಲ್ಲ, ಎಲ್ಲಿ? ಅವ್ರು ಏನು ನುಡಿಸ್ತಾರೋ ನಂಗೆ ಗೊತ್ತಿಲ್ಲ. ಅವ್ರಿಲ್ದೆ ನೆಲ ಕಾಲಿಗೆ ಸಿಗ್ತಿಲ್ಲ."

ಲೂಷಿಯಸ್ ಎದ್ದು, ನಾಲ್ಕು ನಾಲ್ಕು ಹೆಜ್ಜೆಯಲ್ಲೇ, ತನ್ನ ಮೂಲೆಗೆ ಹೋಗಿ ಕೂತ. ಮತ್ತೆ ಹತ್ತೊಂಬತ್ತು ವರ್ಷ ಆ ಕುರ್ಚಿ ಬಿಡಲಿಲ್ಲ.

ಇಂಥವರು ಎಲ್ಲ ಊರಿನಲ್ಲೂ ಇರುತ್ತಾರೆ. ಇರುವಷ್ಟು ದಿನ ನಾವು ಅವರ ಹೆಸರನ್ನೂ ತಿಳಿದುಕೊಳ್ಳುವುದಿಲ್ಲ. ಅವರಿಲ್ಲದ ದಿನ, ಏನಾಯಿತೆಂದು ತಿಳಿಯದೆ, ಬಗ್ಗಿ ನಮ್ಮ ಜೋಡನ್ನೇ ನೋಡಿಕೊಳ್ಳುತ್ತೇವೆ.