ಉಗುರಿನ ಗೆರೆ

ಆ ಬೆಳಿಗ್ಗೆ ಮಂಜು ಕವಿದು, ಬೀದಿಯ ಆಚೆ ಬದಿಯ ಬಾಗಿಲುಗಳು ಒಂದೂ ಕಾಣುತ್ತಿರಲಿಲ್ಲ. ಕಿಟಕಿಯ ಗಾಜು ಒಳಗಿನಿಂದಲೂ ಬೆವರಿತ್ತು. ಗೋಡೆಗೆ ಕಾಗದ ಅಂಟಿಸುವವರಿಗೆ ಇಂಥ ದಿನ ಆಗಿಬರುವುದಿಲ್ಲ. ಅಂಟು ಕುಡಿದ ಕಾಗದ ಬೇಗ ಒಣಗದೆ ಒದ್ದೆ ಬಟ್ಟೆಯ ಹಾಗೆ ಜೋತುಬೀಳುತ್ತದೆ. ಬ್ಲೇಡು ತಾಗಿದರೆ ಸಲೀಸಾಗಿ ಕೊಯ್ಯಿಸಿಕೊಳ್ಳದೆ ಸಿಗಿದುಹೋಗುತ್ತದೆ.

ಹಾಗೆಂದು ಕೆಲಸ ಮುಂದೂಡುವಂತಿರಲಿಲ್ಲ. ಆ ಮನೆಯ ಅಜ್ಜಿ ಮಾರನೆಯ ದಿನ ಮಧ್ಯಾಹ್ನ ಆಸ್ಪತ್ರೆಯಿಂದ ಬರುವವರಿದ್ದರು. ಬಂದಮೇಲೆ ಹಾಸಿಗೆ ಬಿಟ್ಟು ಏಳುವುದಿಲ್ಲ ಎಂದು ಡಾಕ್ಟರು ಹೇಳಿಯಾಗಿತ್ತು. ಮಗಳು ಹಿಂದಿನ ಕೋಣೆಯನ್ನು ತಾಯಿಗೆಂದು ಖಾಲಿ ಮಾಡಿಸಿ, ಒಂದು ಮಂಚವನ್ನಷ್ಟೇ ನಡುವೆ ಬಿಟ್ಟು, ಗೋಡೆಗಳಿಗೆ ತಿಳಿಹಸಿರು ಬಳ್ಳಿಯ ಕಾಗದ ಆರಿಸಿದ್ದಳು.

ಅಂಟಿಸಲು ಬಂದವನನ್ನು ಎಲ್ಲರೂ ಪಟ್ಟಿಯಣ್ಣ ಎನ್ನುತ್ತಿದ್ದರು. ಅಗಲವಾದ ಉಕ್ಕಿನ ಪಟ್ಟಿಯೊಂದು ಸದಾ ಅವನ ಸೊಂಟದಲ್ಲಿರುತ್ತಿತ್ತು, ಅದರಿಂದ ಬಂದ ಹೆಸರು. ಮೂವತ್ತು ವರ್ಷ ಅವನೂ ಅವನ ಅಕ್ಕನೂ ಜೊತೆಯಾಗಿ ಈ ಕೆಲಸ ಮಾಡಿದವರು. ಅಕ್ಕ ಅಂಟು ಹಚ್ಚುವಳು, ಕಾಗದ ಎತ್ತಿಕೊಡುವಳು, ಏಣಿಗಳ ನಡುವೆ ಹಾಸಿದ ಹಲಗೆಯ ಮೇಲೆ ಮುಂದೆ ಮುಂದೆ ಹೋಗುತ್ತ ಕಾಗದದ ಮೇಲಂಚನ್ನು ಸೂರಿನ ಮೂಲೆಗೆ ಒತ್ತುವಳು. ಅವನು ಹಿಂದೆ ಹಿಂದೆ ಪಟ್ಟಿ ಇಟ್ಟುಕೊಂಡು, ಹೆಚ್ಚಾಗಿ ಉಳಿದದ್ದನ್ನು ಬ್ಲೇಡಿನಿಂದ ಕೊಯ್ಯುವನು. ಜನ ಬಾಯಿತುಂಬ ಹೊಗಳುತ್ತಿದ್ದದ್ದು ಆ ಕೊಯ್ದ ಅಂಚನ್ನೇ. ಹೊಗಳಿಕೆಯೆಲ್ಲ ಹೋಗಿ ಸೇರಿದ್ದು ಚಾಕು ಹಿಡಿದವನನ್ನು.

ಮೂರು ತಿಂಗಳ ಹಿಂದೆ ಅಕ್ಕನ ಬಲಗೈ ಹೆಬ್ಬೆರಳಿನ ಗಿಣ್ಣು ಊದಿಕೊಂಡಿತು. "ಸಾಕು ಬಿಡಕ್ಕಾ, ಇನ್ನು ಮನೇಲಿ ಆರಾಮಾಗಿರು. ಅಂಟು ಹಚ್ಚೋದು ಯಾವ ಮಹಾ ಕೆಲಸ, ನಾನೇ ನೋಡ್ಕೋತೀನಿ" ಎಂದಿದ್ದ ತಮ್ಮ. ಅಕ್ಕರೆಯಿಂದಲೇ ಆಡಿದ ಮಾತು. ಅಕ್ಕ ಒಂದು ಗಳಿಗೆ ಅವನ ಮುಖ ನೋಡಿ "ಹೂಂ" ಎಂದಳು, ಅಷ್ಟೇ.

ಅಂದಿನಿಂದ ಅಂಚು ಕೆಡತೊಡಗಿತು. ಅವನು ಮೊದಲು ಬ್ಲೇಡನ್ನು ಬೈದ. ಆಮೇಲೆ ಕಾಗದ ಮಾಡುವವರನ್ನು ಬೈದ. ಕೊನೆಗೆ, ಒಬ್ಬನೇ ಆದಮೇಲೆ ಪಟ್ಟಿಗೊಂದು ಕೈ, ಚಾಕುವಿಗೊಂದು ಕೈ, ಕಾಗದ ಹಿಡಿಯಲು ಮೂರನೆಯ ಕೈ ಎಲ್ಲಿಂದ ತರಲಿ ಎಂದು ಲೆಕ್ಕ ಹಾಕಿ, ಪಟ್ಟಿ ಚಾಕು ಎರಡನ್ನೂ ಒಂದಾಗಿ ಬೆಸೆದ ಹೊಸ ಉಪಕರಣವೊಂದರ ನಕ್ಷೆಯನ್ನು ತಾನೇ ಯೋಚಿಸಿ ಬರೆದ. ಅಂಗೈಯಗಲದ ಪಟ್ಟಿ, ಅದರ ಅಂಚಿಗೆ ಅಂಟಿಕೊಂಡೇ ಜಾರುವ ಬ್ಲೇಡು, ಹಿಡಿಯೊಳಗೊಂದು ಸ್ಪ್ರಿಂಗು. ಲೇತ್ ವರ್ಕ್‌ಶಾಪಿನ ಯಜಮಾನ ಅದನ್ನು ಮಾಡಿಕೊಟ್ಟು, ಮರದ ಹಲಗೆಯ ಮೇಲೆ ಕಾಗದವಿಟ್ಟು ಕೊಯ್ದು ನೋಡಿ, ಕುಣಿದಾಡಿಬಿಟ್ಟಿದ್ದ. "ಇಬ್ಬರ ಕೆಲಸ ಒಬ್ಬನಿಗೆ! ಇದನ್ನ ನೂರು ಮಾಡ್ತೀನಿ ಕಣಯ್ಯಾ. ಒಂದು ಮನೇಲಿ ಸರಿಯಾಗಿ ಕೆಲಸ ಮಾಡಿ ತೋರ್ಸು ಸಾಕು."

ಆ ಒಂದು ಮನೆ ಇದು.

ಮೊದಲ ಗೋಡೆ ಮುಗಿಯುವ ಹೊತ್ತಿಗೆ ಮನೆಯಾಕೆ ಮಡಿಸಿದ ಹೊದಿಕೆ ಹಿಡಿದು ಒಳಗೆ ಬಂದಳು. ಸುಮ್ಮನೆ ಮೇಲೆ ನೋಡಿದಳು. ಆಮೇಲೆ ಮಂಚದ ಮೇಲೆ ಮಲಗಿ ನೋಡಿ, ಎದ್ದಳು.

"ಪಟ್ಟಿಯಣ್ಣಾ, ಸ್ವಲ್ಪ ಇಳಿದು ಬನ್ನಿ."

"ಯಾಕಮ್ಮಾ, ಸೊಟ್ಟ ಕಾಣ್ತಿದೆಯಾ?"

"ನಿಂತು ನೋಡಿದ್ರೆ ಚೆನ್ನಾಗೇ ಇದೆ. ಇಲ್ಲಿ ಮಲಗಿ ನೋಡಿ."

"ಕೆಲಸಕ್ಕೆ ಕರೆದು ಮಲಗಿಸ್ತೀರಲ್ಲಮ್ಮಾ! ಇಂಥ ಯಜಮಾನ್ತಿ ಮೊದಲೇ ಸಿಕ್ಕಿದ್ರೆ ನನ್ನ ಸೊಂಟ ಉಳೀತಿತ್ತು."

ಆಕೆ ನಗಲಿಲ್ಲ. "ಅಮ್ಮನಿಗೆ ಕತ್ತು ತಿರುಗಲ್ಲ. ಇನ್ನು ಇರೋವಷ್ಟು ದಿನ ಅವರಿಗೆ ಕಾಣೋದು ಅದೊಂದೇ ಗೆರೆ. ಗೋಡೆ ಮುಗಿದು ಸೂರು ಶುರುವಾಗೋ ಗೆರೆ."

ಅವನು ಕೈಯೊರೆಸಿಕೊಂಡು ಅಂಗಾತ ಮಲಗಿದ. ಏಣಿಯ ಮೇಲಿದ್ದಾಗ ಕಾಣದ್ದು ಈಗ ಕಂಡಿತು. ಬಳ್ಳಿಯ ಕಾಗದಕ್ಕೂ ಸೂರಿಗೂ ನಡುವೆ ಬಿಳಿ ನೂಲಿನಂಥ ಸಂದು, ಒಂದೆಡೆ ಸಣ್ಣಗೆ, ಒಂದೆಡೆ ದಪ್ಪಗೆ, ಹಾವು ಹರಿದ ಜಾಡಿನ ಹಾಗೆ ಹೋಗಿತ್ತು. ಒಂದು ಕಡೆ ಕಾಗದ ಸಿಗಿದು ನಾಯಿಕಿವಿಯಂತೆ ಮಡಚಿಕೊಂಡಿತ್ತು. ಒಂದು ಸಲ ಕಣ್ಣಿಗೆ ಬಿದ್ದಮೇಲೆ ಬೇರೇನೂ ಕಾಣದು. ಸಾಯುವತನಕ ಒಬ್ಬ ಮುದುಕಿ ಇದನ್ನೇ ನೋಡುತ್ತ ಮಲಗಬೇಕು.

"ಹಾಲ್‌ನಲ್ಲಿ ಹನ್ನೊಂದು ವರ್ಷದ ಹಿಂದೆ ನೀವೇ ಅಂಟಿಸಿದ್ದು ಇನ್ನೂ ಕಣ್ಣಿಗೆ ಒತ್ತಿಕೊಳ್ಳೋ ಹಾಗಿದೆ" ಎಂದಳು ಮನೆಯಾಕೆ. ಬೈಗುಳವಿರಲಿಲ್ಲ ಆ ದನಿಯಲ್ಲಿ, ಕೇಳಿಕೊಳ್ಳುವ ದನಿ. "ಹಾಗೆ ಆಗಲ್ವಾ?"

ಅವನು ಏಣಿಯನ್ನು ಹಾಲಿಗೆ ಹೊತ್ತೊಯ್ದ. ಅದೇ ಮನೆ, ಅದೇ ಡೊಂಕು ಗೋಡೆ, ಅದೇ ಉಬ್ಬುತಗ್ಗಿನ ಸೂರು. ಆದರೆ ಹಳೆಯ ಕಾಗದದ ಅಂಚು ಮಾತ್ರ ಸೂರಿನ ಪ್ರತಿಯೊಂದು ತಗ್ಗಿಗೂ ತಗ್ಗಿ, ಪ್ರತಿಯೊಂದು ಉಬ್ಬಿಗೂ ಉಬ್ಬಿ ಕೂತಿತ್ತು. ಉಕ್ಕಿನ ಪಟ್ಟಿ ನೆಟ್ಟಗಿನದು. ಅದು ತಗ್ಗಿನ ಮೇಲೆ ಸೇತುವೆಯ ಹಾಗೆ ದಾಟಿಕೊಂಡು ಹೋಗುತ್ತದೆಯೇ ಹೊರತು ಇಳಿಯುವುದಿಲ್ಲ. ಹಾಗಿದ್ದರೆ ಅಂದು ಈ ಚಾಕು ತಗ್ಗಿಗಿಳಿದದ್ದು ಹೇಗೆ? ಅವನು ಬೆರಳ ತುದಿಯನ್ನು ಅಂಚಿನುದ್ದಕ್ಕೂ ಸವರಿದ. ಕೊಯ್ದ ಗೆರೆಗೆ ತಾಗಿಕೊಂಡೇ, ಕೂದಲೆಳೆಯಷ್ಟು ಸಣ್ಣ ಕಾಲುವೆಯೊಂದು ಬೆರಳಿಗೆ ಸಿಕ್ಕಿತು. ಮೊಳದುದ್ದ ಸವರಿದ, ಮಾರುದ್ದ ಸವರಿದ. ಎಲ್ಲೂ ಕಡಿಯಲಿಲ್ಲ.

ಅದು ಉಗುರಿನ ಗೆರೆ.

ಹಲಗೆಯ ಮೇಲೆ ಅವನಿಗಿಂತ ಎರಡು ಹೆಜ್ಜೆ ಮುಂದೆ ಬರುತ್ತಿದ್ದ ಸರ್ರನೆಯ ಸದ್ದು ಈಗ ಕಿವಿಗೆ ಮರಳಿ ಬಂತು. ಕಾಗದ ಬೀಳದಿರಲೆಂದು ಅಕ್ಕ ಒತ್ತುತ್ತಾಳೆ ಎಂದಷ್ಟೇ ಅವನು ತಿಳಿದಿದ್ದ. ಅವಳು ಗೋಡೆಯ ಮನಸ್ಸನ್ನು ಹೆಬ್ಬೆರಳಿನಲ್ಲಿ ಓದುತ್ತ, ಅವನ ಬ್ಲೇಡಿಗೆ ದಾರಿ ಬರೆದಿಡುತ್ತಿದ್ದಳು. ಮೂವತ್ತು ವರ್ಷ ಅವನು ಆ ದಾರಿಯಲ್ಲಿ ಕಣ್ಣುಮುಚ್ಚಿ ನಡೆದು, ನಡಿಗೆ ತನ್ನದೆಂದುಕೊಂಡಿದ್ದ. ಏಣಿಯ ಮೇಲೆಯೇ ನಿಂತು ಅವನು ಗೋಡೆಗೆ ಹಣೆ ಒರಗಿಸಿದ.

"ಅಮ್ಮಾ, ಈ ಗೋಡೆ ಕಾಗದ ಕಿತ್ತು ಮತ್ತೆ ಅಂಟಿಸ್ತೀನಿ. ನಾಳೆ ಮಧ್ಯಾಹ್ನದ ತನಕ ಟೈಮ್ ಕೊಡಿ" ಎಂದು ಮನೆಯಾಕೆಗೆ ಹೇಳಿ ಅವನು ಹೊರಬಿದ್ದ.

ಅಕ್ಕನ ಮನೆ ಎರಡು ಬೀದಿ ಆಚೆ. ಮಂಜು ಕರಗಿ ತೆಳುಬಿಸಿಲು ಬಿದ್ದಿತ್ತು. ಅಕ್ಕ ಬಾಗಿಲ ಬಳಿ ಕುರ್ಚಿ ಹಾಕಿಕೊಂಡು, ಬಿಸಿನೀರಿನ ಬಟ್ಟಲಲ್ಲಿ ಬಲಗೈ ಇಟ್ಟುಕೊಂಡು ಕೂತಿದ್ದಳು.

"ಬಾರಪ್ಪಾ ದೊಡ್ಡ ಮನುಷ್ಯ. ಒಬ್ಬನೇ ಇಬ್ಬರ ಕೆಲಸ ಮಾಡ್ತೀಯಂತೆ. ಹಾಗಾದ್ರೆ ಊಟಾನೂ ಇಬ್ಬರದ್ದು ಮಾಡ್ತೀಯೇನೋ?"

"ಅಕ್ಕಾ, ನಿನ್ನ ಹೆಬ್ಬೆರಳು ತೋರ್ಸು."

"ಯಾಕೋ, ಕೊಯ್ಕೊಂಡು ಹೋಗ್ತೀಯಾ?" ಎನ್ನುತ್ತಲೇ ಕೈ ಎತ್ತಿದಳು. ಗಿಣ್ಣು ಕೆಂಪಗೆ ಊದಿತ್ತು. ಉಗುರಿನ ಒಂದು ಬದಿ ಸವೆದು, ಹಳೆಯ ಚಮಚದ ಅಂಚಿನ ಹಾಗೆ ಓರೆಯಾಗಿತ್ತು. ಎಷ್ಟು ಸಲ ಈ ಕೈ ಅವನಿಗೆ ಬಡಿಸಿತ್ತೋ! ಆ ಉಗುರನ್ನು ಅವನು ನೋಡಿದ್ದು ಅಂದೇ ಮೊದಲು.

"ನಂಗೆ ಯಾಕೆ ಹೇಳ್ಲಿಲ್ಲ ನೀನು?"

ಯಾವುದನ್ನು ಎಂದು ಅಕ್ಕ ಕೇಳಲಿಲ್ಲ. ಅವನ ಮುಖದಲ್ಲೇ ಅವಳಿಗೆ ಗೊತ್ತಾಗಿತ್ತು.

"ನೀನು ಕೇಳ್ಲಿಲ್ಲ. ಅಪ್ಪ ತೀರ್ಕೊಂಡ ವರ್ಷ ಊರೆಲ್ಲ ನಿನ್ನ ಕೈ ಹೊಗಳ್ತು. ಹುಡುಗ ಹುರುಪಾಗಿದಾನೆ, ಇರಲಿ ಅಂದ್ಕೊಂಡೆ. ಆಮೇಲೆ ಹೇಳೋ ಹೊತ್ತು ದಾಟಿಹೋಯ್ತು." ಬಟ್ಟಲಿನ ನೀರನ್ನು ಒಂದು ಸಲ ಕದಡಿದಳು. "ಅಂಟು ಹಚ್ಚೋದು ಯಾವ ಮಹಾ ಕೆಲಸ ಅಂದ್ಯಲ್ಲ, ಅವತ್ತು ಮಾತ್ರ ರಾತ್ರಿ ಊಟ ಸೇರ್ಲಿಲ್ಲ ಕಣೋ."

ಅವನು ಹೊಸ್ತಿಲ ಮೇಲೆ ಕುಕ್ಕರಿಸಿದ. ಕಣ್ಣಿಗೆ ನೀರು ಬಂದರೂ ಒರೆಸಿಕೊಳ್ಳಲಿಲ್ಲ. ಅಕ್ಕ ನೀರಿನಿಂದ ಕೈ ತೆಗೆದು, ಹೆಬ್ಬೆರಳನ್ನು ಬಟ್ಟಲಿನ ಅಂಚಿಗೆ ಊರಿ ತೋರಿಸಿದಳು.

"ಉಗುರಿನ ತುದಿ ಊರಬಾರ್ದು, ಹರಿದುಹೋಗತ್ತೆ. ಬದಿ ಊರ್ಬೇಕು, ಹೀಗೆ ಓರೆಯಾಗಿ. ಅಂಟಿಸಿದ ತಕ್ಷಣ ಎಳೀಬಾರ್ದು. ನಾನು ಮನಸ್ಸಲ್ಲಿ ಒಂದು ಸಲ ಪ್ರಾರ್ಥನೆ ಹೇಳ್ಕೋತೀನಿ. ಅದು ಮುಗಿಯೋ ಹೊತ್ತಿಗೆ ಕಾಗದ ಹದಕ್ಕೆ ಬಂದಿರತ್ತೆ."

"ಇವತ್ತಿನ ಹಾಗೆ ಮಂಜಿದ್ರೆ?"

"ಎರಡು ಸಲ ಹೇಳ್ಕೋತೀನಿ. ದೇವರಿಗೇನು ಬೇಜಾರೇ?"

ಇಬ್ಬರೂ ಸೇರಿ ವರ್ಕ್‌ಶಾಪಿಗೆ ಹೋದರು. ಬ್ಲೇಡಿನ ಮುಂದೆ ಉಗುರಿನಂಥದ್ದೊಂದು ಕೂರಬೇಕು ಎಂದು ಪಟ್ಟಿಯಣ್ಣ ವಿವರಿಸಿದಾಗ ಯಜಮಾನ ತಲೆ ಕೆರೆದುಕೊಂಡು ಹಿತ್ತಾಳೆಯ ತುಂಡೊಂದನ್ನು ತೆಗೆದ.

"ಹಿತ್ತಾಳೆ ಬೇಡ" ಎಂದಳು ಅಕ್ಕ. "ಒದ್ದೆ ಕಾಗದಕ್ಕೆ ಕಪ್ಪು ಹಿಡಿಯತ್ತೆ."

"ಪ್ಲಾಸ್ಟಿಕ್ ಆಗ್ಬೋದಾ ಅಕ್ಕಾವ್ರೆ?"

"ಅಂಟು ಮೆತ್ತಿಕೊಂಡು ಎಳೆಯತ್ತೆ. ಉಗುರಿನ ಥರದ್ದೇ ಬೇಕು."

"ಹಾಗಾದ್ರೆ ನನ್ನ ಉಗುರೇ ಕಿತ್ಕೊಳ್ಳಿ, ಇನ್ನೇನು ಉಳಿದಿದೆ" ಎಂದು ಗೊಣಗಿದ ಯಜಮಾನನ ಕಣ್ಣು ಮೂಲೆಯಲ್ಲಿದ್ದ ತನ್ನ ಮುರುಕು ಕೊಡೆಯ ಮೇಲೆ ಬಿತ್ತು. ಅದರ ಹಿಡಿ ಕೊಂಬಿನದು. ಒಂದು ಗಳಿಗೆ ಹಿಂದೆಮುಂದೆ ನೋಡಿ, "ನಮ್ಮ ಮಾವ ಕೊಟ್ಟಿದ್ದು" ಎಂದು ನಿಟ್ಟುಸಿರುಬಿಟ್ಟು ಗರಗಸಕ್ಕೆ ಕೊಟ್ಟುಬಿಟ್ಟ.

ಮಧ್ಯಾಹ್ನವೆಲ್ಲ ಆ ಕೊಂಬಿನ ಚೂರಿನ ಮೇಲೆ ಕಳೆಯಿತು. ಅಕ್ಕ ತನ್ನ ಹೆಬ್ಬೆರಳನ್ನು ಮೇಜಿನ ಮೇಲೆ ಚಾಚಿ ಕೂತಳು. ತಮ್ಮ ಅದನ್ನು ನೋಡಿ ನೋಡಿ ಅರದಿಂದ ಉಜ್ಜಿದ. ಪ್ರತಿ ಸಲವೂ ಅಕ್ಕ ಒದ್ದೆ ಕಾಗದದ ಮೇಲೆ ಎಳೆದು ನೋಡಿ, "ಇನ್ನೊಂಚೂರು ಓರೆ" ಎನ್ನುವಳು, "ಅಯ್ಯೋ, ಜಾಸ್ತಿ ಆಯ್ತು" ಎನ್ನುವಳು. ಎರಡು ಚೂರು ಕೆಟ್ಟವು. ಮೂರನೆಯದನ್ನು ಎಳೆದು, "ಇದು ಸರಿ" ಎಂದಳು. ಅದನ್ನು ಬಾಗುವ ತೆಳು ಉಕ್ಕಿನ ತಗಡಿಗೆ ಕೂರಿಸಿ, ಬ್ಲೇಡು ಒಂದು ಬೆರಳಿನಷ್ಟು ಹಿಂದೆ ಬರುವಂತೆ ಜೋಡಿಸಿದರು. ಈಗ ಕೊಂಬು ಮುಂದೆ ಹೋಗಿ ತಗ್ಗು ಹುಡುಕುತ್ತದೆ. ಚಾಕು ಹಿಂದೆ ಬಂದು ಅದೇ ಗೆರೆಯಲ್ಲಿ ಇಳಿಯುತ್ತದೆ. ಒತ್ತುವ ಭಾರ ಅಂಗೈಯದು, ಹೆಬ್ಬೆರಳಿಗೆ ಕೆಲಸವೇ ಇಲ್ಲ.

ಮಾರನೆಯ ಬೆಳಿಗ್ಗೆ ಆ ಕೋಣೆಯಲ್ಲಿ, ಕಾಗದ ಕಿತ್ತ ಗೋಡೆಯೆದುರು, ಅಕ್ಕ ಹಲಗೆ ಹತ್ತಿದಳು. ಪಟ್ಟಿಯಣ್ಣ ಅಂಟು ಹಚ್ಚಿ, ಕಾಗದ ಎತ್ತಿಕೊಟ್ಟ. ಅವಳು ಕಣ್ಣುಮುಚ್ಚಿ ತುಟಿಯಲ್ಲೇ ಏನನ್ನೋ ಹೇಳಿಕೊಂಡು, ಉಪಕರಣವನ್ನು ಮೂಲೆಗಿಟ್ಟು ಎಳೆದಳು. ಸರ್ರನೆ ಸದ್ದಾಯಿತು. ಕೊಯ್ದ ಕಾಗದದ ಎಳೆ ಸುರುಳಿ ಸುರುಳಿಯಾಗಿ ಕೆಳಗಿಳಿದು ತಮ್ಮನ ಹೆಗಲ ಮೇಲೆ ಬಿತ್ತು. ಅವನು ಮಂಚದ ಮೇಲೆ ಮಲಗಿ ನೋಡಿದ. ಬಿಳಿ ನೂಲು ಎಲ್ಲೂ ಇರಲಿಲ್ಲ.

"ಹೇಗಿದೆಯೋ?"

"ಅಕ್ಕಾ, ನಾನು ಎದ್ದೇಳಲ್ಲ ಇನ್ನು."

"ಏಳೋ ಸೋಮಾರಿ, ಮೂರು ಗೋಡೆ ಬಾಕಿ ಇದೆ."

ಮಧ್ಯಾಹ್ನ ಅಜ್ಜಿಯನ್ನು ಇಬ್ಬರು ಸ್ಟ್ರೆಚರಿನಲ್ಲಿ ತಂದು ಮಂಚಕ್ಕೆ ಇಳಿಸಿದರು. ಹತ್ತಿಯಷ್ಟು ಹಗುರವಾದ ಮೈ, ಕಣ್ಣಿನಲ್ಲಿ ಮಾತ್ರ ಜೀವ. ಆ ಕಣ್ಣು ಬಳ್ಳಿಯ ಜೊತೆಗೆ ಮೆಲ್ಲಗೆ ಮೇಲೇರಿ, ಅಂಚಿಗೆ ಬಂದು, ಅಲ್ಲಿ ತಡೆಯದೆ ಸೂರಿಗೆ ದಾಟಿಕೊಂಡಿತು. ಬಾಗಿಲ ಬಳಿ ನಿಂತಿದ್ದ ಅಕ್ಕ ತಮ್ಮ ಆ ಕಣ್ಣನ್ನೇ ಹಿಂಬಾಲಿಸುತ್ತಿದ್ದರು.

"ಎಲ್ಲಿ ಮುಗೀತು ಅಂತಾನೇ ಗೊತ್ತಾಗಲ್ಲ" ಎಂದರು ಅಜ್ಜಿ. ಮಗಳು ಅವರ ಕಾಲಿನ ಮೇಲೆ ಹೊದಿಕೆ ಸರಿಮಾಡುತ್ತ ಮುಖ ತಿರುಗಿಸಿಕೊಂಡಳು.

ಅದೇ ಹೊತ್ತಿಗೆ ಲೇತ್ ಯಜಮಾನ ಬಂದ. ಚಪ್ಪಲಿ ಬಿಟ್ಟು ಮೆಲ್ಲಗೆ ಕೋಣೆಯೊಳಗೆ ಇಣುಕಿ, ಸೂರಿನಂಚು ನೋಡಿ, ಮೆಚ್ಚಿ ತಲೆದೂಗುತ್ತ ಹೊರಬಂದ. ಜಗಲಿಯ ಮೇಲೆ ಕೂತು ಚೀಲದಿಂದ ಅರ್ಜಿಯ ಹಾಳೆಯೊಂದನ್ನು ತೆಗೆದ.

"ಇದನ್ನ ನಮ್ಮ ಹೆಸರಲ್ಲಿ ನೋಂದಾಯಿಸ್ದೇ ಇದ್ರೆ ನಾಳೆ ಯಾರಾದ್ರೂ ನಕಲು ಹೊಡೀತಾರೆ ಕಣಯ್ಯಾ. ವಿನ್ಯಾಸ ಮಾಡಿದವರು ಅನ್ನೋ ಕಡೆ ನಿನ್ನ ಹೆಸರು ನಾನೇ ಬರೆದುಬಿಟ್ಟಿದೀನಿ. ಕೆಳಗೆ ಒಂದು ಸಹಿ ಹಾಕು, ಸಾಕು."

ಪಟ್ಟಿಯಣ್ಣ ಹಾಳೆ ತೆಗೆದುಕೊಂಡ. ತನ್ನ ಹೆಸರು ದುಂಡಗೆ, ಅಚ್ಚುಕಟ್ಟಾಗಿ ಕೂತಿತ್ತು. ಅಕ್ಷರದಲ್ಲಿ ತನ್ನ ಹೆಸರನ್ನು ನೋಡಿ ಅವನಿಗೆ ಎಷ್ಟೋ ವರ್ಷವಾಗಿತ್ತು. ನಿಜ ಹೇಳಬೇಕೆಂದರೆ, ಅದು ನೋಡಲು ಚೆನ್ನಾಗಿಯೇ ಇತ್ತು. ಅವನು ಅದನ್ನು ಎರಡು ಸಲ ಓದಿದ.

ಅಕ್ಕ ನಲ್ಲಿಯ ಬಳಿ ಅಂಟಿನ ಬ್ರಷ್ಷು ತೊಳೆಯುತ್ತಿದ್ದಳು. ಅವನು ಪೆನ್ನು ತೆಗೆದುಕೊಂಡು ತನ್ನ ಹೆಸರಿನ ಮೇಲೆ ಒಂದು ಗೀಟು ಎಳೆದ.

ಅವನು ಹೋಗಿ ನಲ್ಲಿ ನಿಲ್ಲಿಸಿದ. ಪಕ್ಕದ ಕಲ್ಲಿನ ಮೇಲೆ ಹಾಳೆ ಹಾಸಿ, ಪೆನ್ನನ್ನು ಅವಳತ್ತ ಚಾಚಿದ.

"ಇಲ್ಲಿ ನಿನ್ನ ಹೆಸರು ಬರಿಯಕ್ಕಾ."

ಅಕ್ಕ ಗೀಟು ಹೊಡೆದ ಹೆಸರನ್ನು ನೋಡಿದಳು. ಅವನನ್ನು ನೋಡಿದಳು. "ನನಗ್ಯಾಕೋ ಇದೆಲ್ಲ?"

"ನಿಂದೇ" ಎಂದ.

ಅವಳು ಕೈಯನ್ನು ಸೆರಗಿಗೆ ಒರೆಸಿಕೊಂಡಳು. ಊದಿದ ಹೆಬ್ಬೆರಳಿಗೆ ಪೆನ್ನು ನೆಟ್ಟಗೆ ಕೂರದೆ, ಒಂದೊಂದು ಅಕ್ಷರಕ್ಕೂ ಹೊತ್ತು ಹಿಡಿಯಿತು. ಬರೆದು ಮುಗಿಯುವವರೆಗೂ, ಹಾಳೆ ಜರುಗದ ಹಾಗೆ, ತಮ್ಮ ಅದರ ಅಂಚನ್ನು ಎರಡೂ ಕೈಯಿಂದ ಒತ್ತಿ ಹಿಡಿದುಕೊಂಡಿದ್ದ.